ದೀಪ ಶಾಂತ ಮಾಡುವವನು

ನನ್ನ ತಮ್ಮ ಸೀನು ಜೀವಮಾನದಲ್ಲಿ ಒಂದು ದೀಪವನ್ನೂ ಆರಿಸಿದವನಲ್ಲ, ಶಾಂತ ಮಾಡುತ್ತಿದ್ದ. ದೀಪ ‘ಆರಿಸು’ ಎನ್ನಬಾರದು, ಅಪಶಕುನ ಎಂದು ಅಮ್ಮ ಕಲಿಸಿದ್ದಳು. ದೇವರ ದೀಪಕ್ಕೆ ಸರಿ, ಇವನು ಬಚ್ಚಲುಮನೆಯ ಬಲ್ಬಿಗೂ ಹಾಗೇ ಅನ್ನುತ್ತಿದ್ದ. ನನಗೋ ಸಿಸ್ಟರ್‌ಗಳು ಕಲಿಸಿದ ‘ಲೈಟ್ಸ್ ಆಫ್’ ಒಂದೇ ಗೊತ್ತು. ನಾನು ನಕ್ಕರೆ, “ನೀನು ಕಾನ್ವೆಂಟು ಅಕ್ಕ, ಆಫ್ ಮಾಡ್ಕೋ. ನಾನು ಶಾಂತ ಮಾಡ್ತೀನಿ” ಎನ್ನುತ್ತಿದ್ದ.

ಬಸವನಗುಡಿಯ ನಮ್ಮ ಮನೆಯ ಮಹಡಿಯಲ್ಲಿ ಅವನೂ ಅವನ ಹೆಂಡತಿ ವಿಮಲಾಳೂ ಇದ್ದರು. ಅವನು ಇದ್ದದ್ದು ಹೆಸರಿಗೆ. ಅವನ ಕೆಲಸವೆಲ್ಲ ಹಿಮಾಲಯದ ಕಡೆ, ಬೆಟ್ಟದ ಹೊಟ್ಟೆಯೊಳಗೆ. ಹಳೆಯ ರಸ್ತೆ ಸುರಂಗಗಳಿಗೆ ಹೊಸ ವೈರಿಂಗ್ ಮಾಡಿಸುವುದು, ಹೊಗೆ ತಳ್ಳುವ ದೊಡ್ಡ ಫ್ಯಾನು, ಆಪತ್ತಿಗೆ ಫೋನು, ಹೊರಬಾಗಿಲು ತೋರಿಸುವ ಹಸಿರು ದೀಪ ಹಾಕಿಸುವುದು. “ಅಷ್ಟೊಂದು ಫ್ಯಾನ್ ಯಾಕೋ?” ಎಂದು ಕೇಳಿದ್ದಕ್ಕೆ ಹೊಸ ಕ್ಯಾಲೆಂಡರನ್ನು ಸುರುಳಿ ಸುತ್ತಿ, ಒಂದು ಕಡೆ ಊದುಬತ್ತಿ ಹಿಡಿದು, ಬೀಸಣಿಗೆಯಿಂದ ಬೀಸಿದ. “ಹೊಗೆ ಆ ಕಡೆ ಹೋಗ್ಬೇಕು, ಜನ ಈ ಕಡೆ ಓಡ್ಬೇಕು. ಇಷ್ಟೇ ಅಕ್ಕ ನನ್ನ ಕೆಲ್ಸ.” ಕ್ಯಾಲೆಂಡರಿಗೆ ತೂತು ಬಿತ್ತು. ಆ ವರ್ಷ ನಮಗೆ ಒಂದು ಏಕಾದಶಿ ಕಡಿಮೆಯಾಯಿತು.

ಮದುವೆಗೆ ಹೋದರೆ ಮೊದಲು ನೋಡುತ್ತಿದ್ದದ್ದು ಹೆಣ್ಣುಗಂಡನ್ನಲ್ಲ, ಛತ್ರದ ಹಿಂಬಾಗಿಲನ್ನು. ಚಾಮರಾಜಪೇಟೆಯಲ್ಲೊಮ್ಮೆ ಆ ಬಾಗಿಲಿಗೆ ಅಡ್ಡ ಪೇರಿಸಿದ್ದ ಕುರ್ಚಿಗಳನ್ನು ರೇಷ್ಮೆ ಪಂಚೆ ಎತ್ತಿಕಟ್ಟಿ ತಾನೇ ತೆಗೆದಿಡುತ್ತಿದ್ದ. ಅಡುಗೆ ಕಂಟ್ರಾಕ್ಟರ್ ಬಂದು, “ಸ್ವಾಮಿ, ಊಟಕ್ಕೆ ಮುಂದ್ಗಡೆ ಬನ್ನಿ” ಎಂದ.

“ಇದು ಊಟಕ್ಕಲ್ಲ ಸ್ವಾಮಿ, ಓಟಕ್ಕೆ” ಎಂದ ಸೀನು. ವಿಮಲಾ ನಾಚಿಕೆಯಿಂದ ಸೆರಗನ್ನು ಮುಖಕ್ಕೆ ಹಿಡಿದಳು.

ಅವನ ಹಿಂದಿ, ಮೈ ಗಾಡ್! ಮೊದಲ ಸುರಂಗದಲ್ಲಿ ಕರೆಂಟ್ ತೆಗೆಯಿರಿ ಎನ್ನಲು “ಶಾಂತ್ ಕರೋ!” ಎಂದು ಕೂಗಿದನಂತೆ. ಗಲಾಟೆ ನಿಲ್ಲಿಸಿ ಎಂದನೆಂದುಕೊಂಡು ಕೆಲಸಗಾರರೆಲ್ಲ ಡ್ರಿಲ್ ನಿಲ್ಲಿಸಿ, ಉಸಿರು ಬಿಗಿಹಿಡಿದು ನಿಂತರಂತೆ. ಲೈಟು ಉರಿಯುತ್ತಲೇ ಇತ್ತು. ಕೈ ತೋರಿಸಿ “ಲೈಟ್, ಲೈಟ್!” ಎಂದರೆ ಫೋರ್‌ಮನ್ ಠಾಕೂರ್, “ಸಾಹೇಬರೇ, ಲೈಟು ಮಾತೇ ಆಡಿಲ್ಲವಲ್ಲ” ಎಂದನಂತೆ. ಆಮೇಲೆ ಅವರೆಲ್ಲರಿಗೂ ಕರೆಂಟ್ ತೆಗೆಯುವುದೆಂದರೆ ‘ಶಾಂತ್ ಕರ್ನಾ’ ಎಂದೇ ಆಯಿತು. ಈ ಕಥೆಯನ್ನು ಅವನು ಎಷ್ಟು ಸಲ ಹೇಳಿದನೋ, ಅಷ್ಟು ಸಲವೂ ನಕ್ಕಿದ್ದೇವೆ.

ರಿಟೈರ್ ಆದಮೇಲೂ ಕನ್ಸಲ್ಟೆಂಟ್ ಎಂದು ಕರೆಯುತ್ತಿದ್ದರು. ಹೃದಯದ ತೊಂದರೆ ಶುರುವಾಗಿ, ಡಾಕ್ಟರು ಎತ್ತರದ ಜಾಗ ಬೇಡವೇ ಬೇಡ ಎಂದರು. ಕೊನೆಯ ಸುರಂಗದಲ್ಲಿ ಒಂದು ಪರೀಕ್ಷೆ ಬಾಕಿ ಇತ್ತು: ಗಾಡಿ ತಡೆದು, ಪೂರ್ತಿ ಕರೆಂಟ್ ತೆಗೆದರೆ ಬ್ಯಾಟರಿಯ ಹಸಿರು ದೀಪಗಳು ತಾವಾಗಿ ಬರುತ್ತವೆಯೇ ಎಂದು.

“ನಿಮ್ಮನ್ನ ಬಿಟ್ರೆ ಬೇರೆ ಗಂಡಸ್ರೇ ಇಲ್ವಾ ಆ ಬೆಟ್ಟದಲ್ಲಿ?” ಎಂದಳು ವಿಮಲಾ.

“ಇದಾರೆ ಕಣೆ. ಆದ್ರೆ ಕತ್ಲಾದಾಗ ಬಾಗಿಲು ಕಾಣ್ದಿದ್ರೆ, ಹಾಕ್ಸಿದೋನು ನಾನಲ್ವಾ? ಅದೊಂದನ್ನ ಕಣ್ಣಾರೆ ನೋಡಿ ಬಂದ್ಬಿಡ್ತೀನಿ.”

ಅವಳು ನನ್ನ ಮುಖ ನೋಡಿದಳು. ನಾನೂ ಹೇಳಿದೆ, ಬೈದೆ. ಸ್ವೆಟರ್ ಮಡಿಸುತ್ತಲೇ ಇದ್ದ.

ಪರೀಕ್ಷೆಯ ದಿನ ಮಧ್ಯಾಹ್ನ ಕಾಫಿ ಹೊತ್ತಿಗೆ ಫೋನು ಬಂತು. ವಿಮಲಾಗೆ ಹಿಂದಿ ಬಾರದು, ನಾನು ತೆಗೆದುಕೊಂಡೆ. ಠಾಕೂರ್. “ಸಾಬ್ ಶಾಂತ್ ಹೋ ಗಯೇ” ಎಂದ.

ದಣಿದು ಸುಮ್ಮನೆ ಮಲಗಿದ್ದಾನೆ ಎಂದುಕೊಂಡೆ. “ಗುಡ್, ಲೆಟ್ ಹಿಮ್ ರೆಸ್ಟ್” ಎಂದೆ. ವಿಮಲಾಳತ್ತ ತಿರುಗಿ, “ಏನಿಲ್ಲ ಕಣೆ, ಮಲಗಿದಾನಂತೆ” ಎಂದೂ ಹೇಳಿದೆ. ಅವಳು ಉಸ್ಸಪ್ಪಾ ಎಂದು ಲೋಟಕ್ಕೆ ಕಾಫಿ ಬಗ್ಗಿಸಿದಳು. ಅಷ್ಟರಲ್ಲಿ ಆ ಕಡೆಯಿಂದ ದೊಡ್ಡ ಗಂಡಸೊಬ್ಬ ಮಗುವಿನ ಹಾಗೆ ಅಳುವುದು ಕೇಳಿಸಿತು. ಅಲ್ಲಿಯವರು ಸತ್ತವರನ್ನು ‘ಶಾಂತ್’ ಆದರು ಎನ್ನುತ್ತಾರೆಂದು ನನಗೆ ಆಗ ತಿಳಿಯಿತು.

ಅವನನ್ನು ಕರೆತಂದ ಠಾಕೂರನನ್ನು ವಿಮಲಾ ಕೇಳಿದ್ದು ಒಂದೇ ಮಾತು: “ದೀಪ ಬಂತಾ?” ನಾನು ಹಿಂದಿಗೆ ತಿರುಗಿಸಿದೆ. ಬಂತಂತೆ, ಉದ್ದಕ್ಕೂ ಒಂದೂ ಬಿಡದೆ. ಸಾಹೇಬರು ನಡೆದು ನೋಡಿ, ನಕ್ಕು, ಆಮೇಲೆ ಗೋಡೆಗೆ ಒರಗಿ ಕುಳಿತರಂತೆ.

ಈಗ ಸಂಜೆ ಅವನ ಫೋಟೋದ ಮುಂದೆ ದೀಪ ಹಚ್ಚುತ್ತೇವೆ. ಮಲಗುವ ಮುಂಚೆ ವಿಮಲಾ, “ಅಕ್ಕಾ, ದೀಪ...” ಎಂದು ಅಲ್ಲಿಗೇ ನಿಲ್ಲಿಸುತ್ತಾಳೆ. ಮುಂದಿನ ಮಾತು ನನ್ನ ಬಾಯಿಗೂ ಬರುವುದಿಲ್ಲ; ಆಫ್ ಎನ್ನಲೂ ಆಗುವುದಿಲ್ಲ.

“ಇರ್ಲಿ ಬಿಡು” ಎನ್ನುತ್ತೇನೆ. ಅವಳು ಇನ್ನಷ್ಟು ಎಣ್ಣೆ ಹಾಕುತ್ತಾಳೆ.