ಚಾಚಿಯ ಕೈಗುಣ

ನಿನ್ನೆ ಬುಟ್ಟಿಯ ತಳದಲ್ಲಿ ಕೊಳೆತ ಉಳ್ಳಾಗಡ್ಡಿಯೊಂದು ಕೈಗೆ ಹತ್ತಿತು. ಆ ನಾತಕ್ಕೆ ಮೂಗು ಮುಚ್ಚಿಕೊಳ್ಳುವ ಮೊದಲೇ ಕಣ್ಣು ತುಂಬಿದವು. ಪಕ್ಕದ ಮನೆಯ ಚಾಚಿ ನೆನಪಾದರು...

ಮದುವೆಯಾಗಿ ನಾನು ಕರಜಗಿಗೆ ಬಂದಾಗ ಊರೆಲ್ಲ ಬಿಸಿಲು, ಚಾಚಿಯ ಹಿತ್ತಲೊಂದೇ ನೆರಳು. ಬೇವಿನ ಮರದ ಕೆಳಗೆ ಬಣ್ಣದ ಕೆಸು ಬೆಳೆಸಿದ್ದರು. ಅಂಗೈಗಿಂತ ದೊಡ್ಡ ಬಿಳಿ ಎಲೆ, ಹಸಿರು ನರ. ಕೆಲವಕ್ಕೆ ಕುಂಕುಮ ಚೆಲ್ಲಿದಂಥ ಕೆಂಪು. ತಿನ್ನಲಿಕ್ಕೂ ಬಾರದು. "ಇದರಿಂದ ಏನ ಬರತೈತ್ರಿ?" ಎಂದು ನಮ್ಮತ್ತೆ ಕಾಡುತ್ತಿದ್ದರು. "ಕಣ್ಣಿಗೆ ತಂಪ ಬರತೈತಿ. ಬರ್ರಿ, ಕುಂದ್ರಿ" ಎಂದು ಚಾಚಿ ನಗುತ್ತಿದ್ದರು. ಒಣ ಕಡ್ಡಿ ನೆಟ್ಟರೂ ಚಿಗುರುವ ಕೈಗುಣ ಅವರದು. ಓಣಿಯಲ್ಲಿ ಯಾರು ಸಸಿ ತಂದರೂ ಮೊದಲ ಹಿಡಿ ಮಣ್ಣು ಅವರಿಂದಲೇ ಹಾಕಿಸುತ್ತಿದ್ದರು.

ಒಂದು ಚಳಿಗಾಲ ಕಣ್ಣಿನ ಆಪರೇಶನ್ನಿಗೆಂದು ಮಗಳ ಊರು ಮಿರಜಿಗೆ ಹೊರಟರು. "ಎಲಿ ಎಲ್ಲಾ ಒಣಗಿ ಬೀಳತಾವವ್ವಾ, ಹೆದರಬ್ಯಾಡ. ಗಡ್ಡಿ ಮಣ್ಣಾಗ ಮಲಗಿರತಾವ. ನೀರ ಮಾತ್ರ ಹಾಕಬ್ಯಾಡ" ಎಂದರು. ತಲೆಯಾಡಿಸಿದೆ.

ಎಲೆಗಳು ಒಣಗಿದವು. ನನಗೆ ತಡೆಯಲಾಗಲಿಲ್ಲ. ಹನಿ ನೀರಿಗೂ ಬರವಿದ್ದ ಸನಮಡಿ ಎಂಬ ಊರಿನ ಮಗಳು ನಾನು. ಒಣಗುವುದನ್ನು ಕಂಡರೆ ನೀರು ಹಾಕಬೇಕು ಎಂಬುದೊಂದೇ ಗೊತ್ತು. ಟ್ಯಾಂಕರಿನ ಮುಂದೆ ಪಾಳಿ ಹಿಡಿದು ತಂದ ನೀರಿನಲ್ಲಿ ನನ್ನ ಸ್ನಾನದ ಪಾಲು ಉಳಿಸಿ ದಿನಾ ಎರಡು ತಂಬಿಗೆ ಸುರಿದೆ. ಪುಣ್ಯದ ಕೆಲಸ ಅಂದುಕೊಂಡಿದ್ದೆ, ಹುಚ್ಚಿ!

ಎರಡು ತಿಂಗಳಿಗೆ ಚಾಚಿ ಬಂದರು. ಬಂದವರೇ ಮಣ್ಣು ಕೆದರಿದರು. ಗಡ್ಡೆಗಳು ಗಬ್ಬು ನಾರುತ್ತ ಬೆರಳಿಗೆ ಮೆತ್ತಿಕೊಂಡವು.

"ನೀರ ಹಾಕಿದ್ದೇನ ಮಗಳ?"

"ಇಲ್ರಿ ಚಾಚಿ."

ಯಾಕೆ ಹಾಗೆಂದೆ? ಅತ್ತೆ ಪಕ್ಕದಲ್ಲೇ ನಿಂತಿದ್ದರು. ನಾಚಿಕೆ, ಹೆದರಿಕೆ... ಏನೋ. ಚಾಚಿ ನನ್ನ ಮಾತನ್ನು ಪೂರ್ತಿ ನಂಬಿದರು. ತಮ್ಮ ಕೈಯನ್ನೇ ತಿರುವಿ ನೋಡಿಕೊಂಡು, "ಹಂಗಾದ್ರ ನನ್ನ ಕೈಗುಣ ಹೋತು ಬಿಡು" ಎಂದರು.

ಆಮೇಲೆ ಅವರು ಏನನ್ನೂ ನೆಡಲಿಲ್ಲ. ಯಾರಾದರೂ ಸಸಿ ಹಿಡಿದು ಬಂದರೆ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದರು. ನಾನು ಸಾಂಗ್ಲಿಯಿಂದ ಹೊಸ ಗಡ್ಡೆ ತಂದುಕೊಟ್ಟೆ. "ನೀನ ಹಚ್ಚವ್ವಾ. ನನ್ನ ಕೈ ಹತ್ತಿದ್ರ ಸಾಯತಾವ" ಎಂದರು. ಆಗಲಾದರೂ ಹೇಳಬಹುದಿತ್ತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಲೇ ವರ್ಷಗಳು ಹೋದವು... ನನ್ನಂಥ ಪಾಪಿ ಇನ್ನೊಬ್ಬಳಿರಲಿಕ್ಕಿಲ್ಲ.

ಹೋದ ರಮಜಾನಿನಲ್ಲಿ ಚಾಚಿ ತೀರಿಕೊಂಡರು. ಈಗ ಮಿರಜಿನಿಂದ ಬಂದಿರುವ ಅವರ ಮೊಮ್ಮಗಳು ಇವತ್ತು ಮುಂಜಾನೆ ಬೇವಿನ ಬುಡದ ಬರಿ ನೆಲ ನೋಡಿ ಕೇಳಿದಳು: "ನಾನಿ ಯಾಕ ಇಲ್ಲಿ ಏನೂ ಹಚ್ಚತಿದ್ದಿಲ್ರಿ?"

"ವಯಸ್ಸಾಗಿತ್ತವ್ವಾ ಅವರಿಗೆ" ಎಂದೆ.