ಚೀಲ ಕಸಿಯುವ ಮರ್ಯಾದೆ

ಮಧ್ಯಾಹ್ನದ ನಿದ್ದೆಯ ವಿಷಯದಲ್ಲಿ ನಾನು ಉದಾರಿಯಲ್ಲ. ಕೇಳಿದವರಿಗೆ ಊಟ ಹಾಕಿಯೇನು, ಹೊಸ ಛತ್ರಿ ಕೊಟ್ಟೇನು. ಬೀದರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕಿಟಕಿಯ ಕೆಳಗಿರುವ ಹೊರಸನ್ನು ಮಾತ್ರ ಕೊಡಲಾರೆ. ಉಂಡು ಅದರ ಮೇಲೆ ಅಡ್ಡಾದರೆ ಕೋಟೆಯ ಕಡೆಯಿಂದ ಗಾಳಿ ಬರುತ್ತದೆ. ಗಾಂಧಿ ಗಂಜಿನ ಪೇಟೆಯತ್ತ ಒಂದು ಲಾರಿ ಹಾರ್ನ್ ಹೊಡೆಯುತ್ತದೆ, ಮಾಡಿನ ಮೇಲೆ ಪಾರಿವಾಳ ಗುಟುರು ಹಾಕುತ್ತದೆ. ಎರಡೂ ಒಂದೇ ದನಿಯಾಗಿ ಕೇಳತೊಡಗಿದವೆಂದರೆ ನಾನು ಈ ಲೋಕದಲ್ಲಿಲ್ಲ ಎಂದೇ ತಿಳಿಯಿರಿ.

ಆ ಹೊರಸಿನ ಮೇಲೆ ಔರಾದಿನ ನಮ್ಮ ಸೋದರಮಾವ ಬಂದು ಮಲಗಿದರು. ಕಣ್ಣು ತೋರಿಸಲು ಬಂದವರು. ಡಾಕ್ಟರು ಹನಿ ಔಷಧ ಕೊಟ್ಟು, ಇನ್ನು ಊರಿಗೆ ಹೋಗಬಹುದು ಎಂದರು. ಮಾವ ಹೋಗಲಿಲ್ಲ. ತಪ್ಪು ಅವರದಲ್ಲ. ದಿನಾ ಬೆಳಿಗ್ಗೆ ಧೋತರ ಉಟ್ಟು, ಟೋಪಿ ಇಟ್ಟು, ಚೀಲ ಹಿಡಿದು ಹೊಸ್ತಿಲ ಬಳಿ ನಿಲ್ಲುತ್ತಿದ್ದರು.

"ಬರ್ತೀನಿ ಅಳಿಯಾ, ಬಸ್ಸಿನ ಹೊತ್ತಾತು."

ಹೀಗೆ ಹೊರಟ ಹಿರಿಯರ ಕೈಯಿಂದ ಚೀಲ ಕಸಿದು ಒಳಗಿಡುವುದು ನಮ್ಮ ಕಡೆಯ ಮರ್ಯಾದೆ. ಕಸಿಯದಿದ್ದರೆ, ಹೋದರೆ ಹೋಗು ಎಂದ ಹಾಗೆ. ಆದ್ದರಿಂದ ಕಸಿಯುತ್ತಿದ್ದೆ. "ಹ್ಯಾಂಗ ಹೋಗ್ತೀರಿ ಮಾಮಾ? ಇವತ್ತ ಇದ್ದು ನಾಳಿ ಹೋಗ್ರಿ." ಬಾಯಿ ಹೀಗನ್ನುವಾಗ ಕಣ್ಣು ಹೊರಸಿನ ಮೇಲೇ ಇರುತ್ತಿತ್ತು.

ಅತಿಥಿ ಎಂದರೆ ಬರುವ ತಿಥಿ ಗೊತ್ತಿಲ್ಲದವನು ಎಂದು ಪಂಡಿತರು ಅರ್ಥ ಹೇಳುತ್ತಾರೆ. ಹೋಗುವ ತಿಥಿಯ ಬಗ್ಗೆ ಮಾತ್ರ ಸುಮ್ಮನಿದ್ದಾರೆ. ಅವರ ಮನೆಯಲ್ಲಿ ಹೊರಸು ಇರಲಿಲ್ಲವೋ ಏನೋ. ಗಂಜಿನಲ್ಲಿ ತೊಗರಿ ವ್ಯಾಪಾರ ಮಾಡುವ ನೆರೆಯ ಖಾಜಾಮಿಯಾ ನನ್ನ ಕಷ್ಟ ಕೇಳಿ ಒಂದು ದಾರಿ ತೋರಿಸಿದರು. "ನಮ್ಮಲ್ಲಿ ಕಡೀಕ ಪಾನ್ ಕೊಡ್ತೀವ್ರಿ. ಮೆಹಮಾನ್‌ಗ ಹೊರಡೋ ಇಶಾರಾ ತಿಳೀತದ." ನಾನೂ ಪಾನ್ ತಂದುಕೊಟ್ಟೆ. ಮಾವ ಸಾವಕಾಶವಾಗಿ ಅಗಿದು, "ಅಡಿಕಿ ಛಲೋ ಅದ" ಎಂದು ಹೊರಸಿನ ಮೇಲೆ ಅಡ್ಡಾದರು.

ನಾನು ಅಡುಗೆಮನೆಯಲ್ಲಿ ಚಾಪೆ ಹಾಸಿ, ಒಗ್ಗರಣೆಯ ವಾಸನೆಯಲ್ಲಿ ನಿದ್ದೆಗಾಗಿ ಕಾದೆ. ಜೊಂಪು ಹತ್ತಿದರೆ ಹೊರಸೇ ಕಾಣುತ್ತಿತ್ತು. ಅದು ಕಿಟಕಿಯಿಂದ ಹೊರಬಿದ್ದು, ಕೋಟೆಯ ಮೇಲೆ ತೇಲುತ್ತ, ಮಾವನನ್ನೂ ಅವರ ಗೊರಕೆಯನ್ನೂ ಹೊತ್ತು ಔರಾದಿನ ಕಡೆ ಹೋಗುತ್ತಿತ್ತು. ಎಚ್ಚರವಾದರೆ ಗೊರಕೆ ಪಡಸಾಲೆಯಲ್ಲೇ ಇತ್ತು.

ಕೊನೆಗೆ ಒಂದು ಬೆಳಿಗ್ಗೆ ಮಾವ ಚೀಲ ಹಿಡಿದು ನಿಂತಾಗ ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಅಡುಗೆಮನೆಯ ಬಾಗಿಲಲ್ಲಿದ್ದ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾವ ಹೊಸ್ತಿಲು ದಾಟಿ, ತಿರುಗಿ ನೋಡಿದರು.

"ಯಾಕ ಅಳಿಯಾ, ಇವತ್ತ ಚೀಲ ಹಿಡೀಲೇ ಇಲ್ಲಲ್ಲ?"

ನಾನು ಅವರ ಟೋಪಿ ನೋಡುತ್ತ ಹೇಳಿದೆ: "ಬಸ್ ತಪ್ತದ ಅಂತ, ಮಾಮಾ."

ಅವರು ನಕ್ಕರು. "ಛಲೋ ಮಾಡ್ದಿ. ಊರಾಗ ಬೇವಿನ ಗಿಡದ ಕೆಳಗ ನಂದೂ ಒಂದು ಹೊರಸು ಅದ. ದಿನಾ ಅದರದೇ ಕನಸು ಬೀಳ್ತದ. ನೀ ಅಷ್ಟು ಪ್ರೀತಿಲೆ ಕಸ್ಗೊಂಡ್ರ ಹ್ಯಾಂಗ ಬಿಡಿಸ್ಕೊಂಡು ಹೋಗ್ಲಿ?"

ಒಂದೇ ಸೂರಿನಡಿ ಇಬ್ಬರೂ ತಮ್ಮ ತಮ್ಮ ಹೊರಸಿನ ಕನಸು ಕಾಣುತ್ತ, ಎದುರಿನವನ ಮನಸ್ಸು ನೋಯಬಾರದೆಂದು ಬಿದ್ದುಕೊಂಡಿದ್ದೆವು. ಅವತ್ತು ಮಧ್ಯಾಹ್ನ ನನಗೆ ಗಾಢ ನಿದ್ದೆ ಬಂತು, ಸುಳ್ಳೇಕೆ ಹೇಳಲಿ.

ಮೊನ್ನೆ ಭಾಲ್ಕಿಗೆ, ತಂಗಿಯ ಮನೆಗೆ ಹೋಗಿದ್ದೆ. ಕಲಿತ ಪಾಠ ಮರೆಯುವುದುಂಟೆ? ಮೊದಲೇ ಹೇಳಿಟ್ಟೆ: "ಹೊರಡೋ ಮುಂದ ಚೀಲಕ್ಕ ಕೈ ಹಚ್ಚಬ್ಯಾಡವ್ವ. ಅಲ್ಲಿ ನನ್ನ ಹೊರಸು ಕಾಯ್ತದ." ಪಾಪ, ಅವಳು ಹೇಳಿದ ಮಾತು ಕೇಳುವವಳು. ಬೆಳಿಗ್ಗೆ ಹೊಸ್ತಿಲಲ್ಲಿ ಕೈಕಟ್ಟಿ ನಿಂತು, "ಹೋಗಿ ಬಾ ಅಣ್ಣಾ" ಎಂದಳು.

ಚಪ್ಪಲಿ ಮೆಟ್ಟಲು ನಾನು ಬಹಳ ಹೊತ್ತು ತೆಗೆದುಕೊಂಡೆ. ಆಮೇಲೆ ಚೀಲವನ್ನು ಅವಳಿದ್ದ ಕಡೆಯ ಕೈಗೆ ಬದಲಾಯಿಸಿ, ಎರಡೇ ಬೆರಳಲ್ಲಿ ಹಿಡಿದು ನಿಂತೆ.