ವೀರಗಲ್ಲಿಗೆ ಬಂದ ಅನುದಾನ

ಮಂಚೇನಹಳ್ಳಿ ಹತ್ತಿರ, ನಮ್ಮ ಹೊಲಕ್ಕೆ ಅಂಟಿಕೊಂಡ ಸರ್ಕಾರಿ ಖರಾಬು ಜಾಗದಲ್ಲಿ ಒಂದು ವೀರಗಲ್ಲಿತ್ತು. ದನ ಕದಿಯಲು ಬಂದವರೊಡನೆ ಹೊಡೆದಾಡಿ ಸತ್ತ ಯಾರನ್ನೋ ಅಪ್ಸರೆಯರು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿರುವ ಕೆತ್ತನೆ. ನಾನು ಮದುವೆಯಾಗಿ ಬಂದಾಗಲೇ ಅದು ಒಂದು ಕಡೆಗೆ ವಾಲಿತ್ತು. ನಮ್ಮತ್ತೆ ಅಮಾವಾಸ್ಯೆಗೊಮ್ಮೆ ಅರಿಶಿನ ಕುಂಕುಮ ಇಡುತ್ತಿದ್ದರು. ಉಳಿದ ದಿನ ನಮ್ಮ ಎಮ್ಮೆಗಳು ಮೈ ಉಜ್ಜಿಕೊಳ್ಳುತ್ತಿದ್ದವು.

ಕೆಲವು ವರ್ಷಗಳ ಹಿಂದೆ ಸ್ಮಾರಕ ರಕ್ಷಣೆಗೆಂದು ಅನುದಾನ ಬಂತು. ಗೌರಿಬಿದನೂರಿನಿಂದ ಬಂದ ಇಂಜಿನಿಯರು ಟೇಪು ಹಿಡಿಸಿ ಜಾಗವನ್ನೆಲ್ಲ ಅಳೆದರು. ಕಲ್ಲೊಂದನ್ನು ಬಿಟ್ಟು. ಕಾಂಪೌಂಡು, ಕಮಾನು, ಗೇಟು, ನೆಲಕ್ಕೆ ಇಂಟರ್‌ಲಾಕ್ ಎಂದು ಹುಮ್ಮಸ್ಸಿನಿಂದ ವಿವರಿಸಿದರು.

"ಕಲ್ಲು ವಾಲೈತಲ್ಲಪ್ಪ, ಮೊದ್ಲು ಅದನ್ನ ನೆಟ್ಟಗೆ ನಿಲ್ಸು," ಅಂದರು ಅತ್ತೆ.

"ಎಸ್ಟಿಮೇಟಲ್ಲಿ ಕಲ್ಲು ಬರಲ್ಲಮ್ಮ. ಈ ಫಂಡು ಸುತ್ತಮುತ್ತ ಕೆಲಸಕ್ಕೆ ಮಾತ್ರ."

"ಹಂಗಾದ್ರೆ ಕಲ್ಲಿಗೆ?"

"ಅದಕ್ಕೆ ಬೇರೆ ಫಂಡು. ಬಂದಾಗ ಮಾಡ್ತಾರೆ."

ಪಾಯ ತೋಡುವಾಗ ಜೆಸಿಬಿಯ ಅದುರಾಟಕ್ಕೆ ಕಲ್ಲು ಬಿತ್ತು. ಪುಣ್ಯಕ್ಕೆ ಬೆನ್ನು ಕೆಳಗಾಗಿ ಬಿದ್ದಿದ್ದರಿಂದ ಕೆತ್ತನೆ ಉಳಿಯಿತು. ಕೆಲಸಕ್ಕೆ ಅಡ್ಡ ಎಂದು ಕಂಟ್ರಾಕ್ಟರು ಅದನ್ನು ನಮ್ಮ ಹೊಲದ ಹೊಂಗೆಮರದ ಕೆಳಗೆ ಎಳೆಸಿ ಹಾಕಿಸಿದ. ಮುಗಿದ ಮೇಲೆ ಒಳಗಿಡುತ್ತೇನೆ ಅಂದ. ಮುಗಿದ ಮೇಲೆ ನೋಡಿದರೆ ಗೇಟಿನಲ್ಲಿ ಮನುಷ್ಯರು ನುಗ್ಗಬಹುದು, ಜೆಸಿಬಿ ನುಗ್ಗುವುದಿಲ್ಲ. ಗೋಡೆ ಒಡೆಯಬೇಕು, ಒಡೆಯಲು ಫಂಡಿಲ್ಲ.

ಅಷ್ಟರಲ್ಲಿ ಉದ್ಘಾಟನೆಯ ದಿನ ನಿಗದಿಯಾಗಿಬಿಟ್ಟಿತ್ತು. ಮುಖ್ಯ ಅತಿಥಿ ಟೇಪು ಕತ್ತರಿಸಿ ಒಳಗೆ ಹೋಗಿ, ಹಾರ ಹಿಡಿದು ಸುತ್ತ ನೋಡಿದರು. ಏನೂ ಕಾಣದೆ ನಾಮಫಲಕಕ್ಕೇ ಹಾಕಿದರು. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಶಿಕ್ಷೆಯಾಗುತ್ತದೆ ಎಂದು ಅದರಲ್ಲಿ ಬರೆದಿತ್ತು. ಆಮೇಲೆ ಭಾಷಣದಲ್ಲಿ, ಈ ಶಿಲ್ಪ ಕಂಡು ತಮಗೆ ಮೈ ಜುಮ್ಮೆಂದಿತು ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೈ ಸುಮ್ಮನಿರದೆ ನಾನೂ ತಟ್ಟಿದೆ. ಅತ್ತೆ ನನ್ನ ಕಡೆ ಒಮ್ಮೆ ನೋಡಿ, ಎದ್ದು ಹೊಲಕ್ಕೆ ಹೋದರು.

ಮಾರನೆಯ ದಿನ ಅವರು ನನ್ನ ಗಂಡನಿಂದ ಟ್ರ್ಯಾಕ್ಟರು ತರಿಸಿ, ಅಕ್ಕಪಕ್ಕದವರನ್ನು ಕರೆಸಿದರು. ಹೊಂಗೆಮರದ ಕೆಳಗೇ ಗುಂಡಿ ತೆಗೆದು ಕಲ್ಲು ನಿಲ್ಲಿಸಿದೆವು. ನಾನೂ ಹಗ್ಗ ಹಿಡಿದೆ. ಇಷ್ಟು ವರ್ಷ ಕತ್ತು ಓರೆ ಮಾಡಿ ನೋಡುತ್ತಿದ್ದ ಆ ವೀರನ ಮುಖವನ್ನು ಅಂದು ಮೊದಲ ಸಲ ನೇರವಾಗಿ ಕಂಡೆ. ಒಳ್ಳೆ ಮೀಸೆ ಬಿಟ್ಟಿದ್ದ.

ಸುಗ್ಗಿಯ ನಂತರ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಕಾಂಪೌಂಡಿನೊಳಗೆ ನಮ್ಮ ರಾಗಿ ಒಣಗುತ್ತಿತ್ತು. ಇಂಟರ್‌ಲಾಕ್ ನೆಲ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ, ಸುಳ್ಳು ಹೇಳಬಾರದು. ಅವರು ರಾಗಿ ಬರದಂತೆ ಗೋಡೆಯ ಫೋಟೊ ತೆಗೆದುಕೊಂಡು, ಹೊರಗೆ ನಿಂತ ಕಲ್ಲನ್ನು ಕಂಡು ಕಳವಳಪಟ್ಟರು.

"ಇದಕ್ಕೆ ರಕ್ಷಣೇನೇ ಇಲ್ವಲ್ಲಮ್ಮ. ಇದರ ಸುತ್ತ ಒಂದು ಕಾಂಪೌಂಡಿಗೆ ಬರೀತೀನಿ."

"ಬ್ಯಾಡ ಕಣಪ್ಪ," ಅಂದರು ಅತ್ತೆ. "ಈಗಿನ್ನೂ ನೆಟ್ಟಗೆ ನಿಂತವ್ನೆ."

ಅಧಿಕಾರಿ ನಕ್ಕು, ಮಜ್ಜಿಗೆ ಕುಡಿದು ಹೋದರು. ಹೊಸ ಅನುದಾನ ಮಂಜೂರಾಗಿದೆ ಎಂದು ಮೊನ್ನೆ ಗೊತ್ತಾಯಿತು. ಅಂದಿನಿಂದ ಅತ್ತೆ ಮಧ್ಯಾಹ್ನದ ಊಟವನ್ನು ಹೊಂಗೆಮರದ ಕೆಳಗೇ ಮಾಡುತ್ತಾರೆ. ದಾರಿಯಲ್ಲಿ ಜೀಪು ಕಂಡರೆ ತಟ್ಟೆ ಕೆಳಗಿಟ್ಟು ಎದ್ದು ನಿಲ್ಲುತ್ತಾರೆ.